ಹೋಗುವ ಹೊತ್ತು, ಬರುವ ಹೊತ್ತು ಎರಡನ್ನೂ ಅಚ್ಚುಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಇತ್ತೀಚೆಗೆ ಎರಡೆರಡು ನಗರಗಳ ಹೆಸರು ಬರೆದು, ನಡುವಿನ ದೂರ ಇಷ್ಟು, ವಿಮಾನದಲ್ಲಿ ಇಷ್ಟು ಗಂಟೆ ಎಂದು ಚೌಕಟ್ಟಿನೊಳಗೆ ಕೊಡುತ್ತಿದ್ದೀರಿ. ಲಂಡನ್–ನ್ಯೂಯಾರ್ಕ್ ಚೌಕಟ್ಟಿನಲ್ಲಿ 5,570 ಕಿ.ಮೀ., 7 ಗಂಟೆ 25 ನಿಮಿಷ ಎಂದಿತ್ತು. ನಾನು ವಿಮಾನ ಸಂಸ್ಥೆಯೊಂದರಲ್ಲಿ ಫ್ಲೈಟ್ ಡಿಸ್ಪ್ಯಾಚರ್ ಆಗಿ ದುಡಿದು ನಿವೃತ್ತಳಾದವಳು. ಪೈಲಟ್ ವಿಮಾನ ಹತ್ತುವ ಮೊದಲೇ ಯಾವ ದಾರಿ, ಯಾವ ಎತ್ತರ, ಎಷ್ಟು ಇಂಧನ, ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ ಕೊಡುವುದು ನಮ್ಮ ಕೆಲಸ. ಆ ಮೇಜಿನ ಮುಂದೆ ಕೂತು ಬಂದವಳಿಗೆ ಈ ಚೌಕಟ್ಟು ನೋಡಿ ಸುಮ್ಮನಿರಲು ಆಗಲಿಲ್ಲ.

ನನ್ನ ಕೋರಿಕೆ ಇಷ್ಟೇ: ಹಾರಾಟದ ಹೊತ್ತನ್ನು ಒಂದೇ ಅಂಕಿಯಲ್ಲಿ ಕೊಡಬೇಡಿ. ಹೋಗುವುದಕ್ಕೆ ಒಂದು, ಬರುವುದಕ್ಕೆ ಇನ್ನೊಂದು ಕೊಡಿ. ದೂರ ಕೊಟ್ಟರೆ ಅದು ಯಾವ ದೂರ ಎಂದೂ ಹೇಳಿ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಓದಿ.

ಮೊದಲು ದೂರದ ಮಾತು. 5,570 ಎಂಬುದು ಲಂಡನ್ ನಗರದ ನಡುವಿನಿಂದ ನ್ಯೂಯಾರ್ಕ್ ನಗರದ ನಡುವಿಗೆ ಭೂಮಿಯ ಮೈಮೇಲೆ ಅಳೆದ ಅತಿ ಹತ್ತಿರದ ದೂರ. ವಿಮಾನ ಹೊರಡುವುದು ಊರ ನಡುವಿನಿಂದ ಅಲ್ಲವಲ್ಲ! ಹೀಥ್ರೂ ನಿಲ್ದಾಣದಿಂದ ಕೆನಡಿ ನಿಲ್ದಾಣಕ್ಕೆ ಅಳೆದರೆ ಅದು ಸುಮಾರು 5,540 ಆಗುತ್ತದೆ. ಮೂವತ್ತು ಕಿ.ಮೀ. ವ್ಯತ್ಯಾಸ ಇಷ್ಟು ದೂರದ ಪ್ರಯಾಣದಲ್ಲಿ ಲೆಕ್ಕಕ್ಕಿಲ್ಲ, ಒಪ್ಪುತ್ತೇನೆ. ಆದರೆ ಟೋಕಿಯೊದ ನರೀತಾ ನಿಲ್ದಾಣ ನಗರದ ನಡುವಿನಿಂದ ಸುಮಾರು 60 ಕಿ.ಮೀ. ಆಚೆಗಿದೆ. ಹತ್ತಿರದ ಎರಡು ಊರುಗಳ ನಡುವೆ ಹಾರುವವರಿಗೆ ಇಂಥ ಅಂತರವೇ ಪ್ರಯಾಣದ ದೊಡ್ಡ ಪಾಲು ಆಗಿಬಿಡಬಹುದು.

ಈ ‘ಅತಿ ಹತ್ತಿರದ ದೂರ’ ಎಂಬುದನ್ನೇ ಎಷ್ಟೋ ಜನ ತಪ್ಪಾಗಿ ಊಹಿಸಿಕೊಳ್ಳುತ್ತಾರೆ. ಗೋಡೆಗೆ ತೂಗುಹಾಕಿದ ನಕಾಶೆಯ ಮೇಲೆ ಅಡ್ಡಗೆರೆ ಎಳೆದರೆ ಅದೇ ನೇರ ದಾರಿ ಎಂದು ನಂಬಿಕೊಂಡಿರುತ್ತಾರೆ. ನಮ್ಮ ಮನೆಯಲ್ಲಿ ತಮ್ಮನ ಮೊಮ್ಮಗಳು ಇದೇ ವಿಷಯಕ್ಕೆ ನನ್ನೊಂದಿಗೆ ವಾದಕ್ಕೆ ನಿಂತಳು. ಬೀಜಿಂಗ್ ಮತ್ತು ನ್ಯೂಯಾರ್ಕ್ ಎರಡೂ ಹೆಚ್ಚುಕಡಿಮೆ ಉತ್ತರ ಅಕ್ಷಾಂಶ 40ರ ಮೇಲಿವೆ, ಹಾಗಾಗಿ ವಿಮಾನ ಆ ಗೆರೆಯ ಮೇಲೇ ಪೆಸಿಫಿಕ್ ದಾಟಿ ಹೋಗುತ್ತದೆ ಎಂಬುದು ಅವಳ ವಾದ. ಅವಳ ಗೋಳವನ್ನೇ ಮೇಜಿನ ಮೇಲಿಟ್ಟು, ಹೊಲಿಗೆ ಡಬ್ಬಿಯಿಂದ ದಾರ ತೆಗೆದುಕೊಟ್ಟೆ. ಒಂದು ತುದಿಯನ್ನು ಬೀಜಿಂಗ್ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ನ್ಯೂಯಾರ್ಕಿನತ್ತ ಎಳೆದಳು. ದಾರ ಸಡಿಲವಾಗಿದ್ದಷ್ಟು ಹೊತ್ತು ಅವಳು ಹೇಳಿದ ಹಾಗೆ ಅಡ್ಡಕ್ಕೇ ಕೂತಿತ್ತು. ಬಿಗಿಯಾಗಿ ಎಳೆಯುತ್ತಿದ್ದಂತೆ ಅದು ಮೇಲಕ್ಕೆ ಜಾರತೊಡಗಿತು. ಸೈಬೀರಿಯಾ ದಾಟಿ, ಆರ್ಕ್‌ಟಿಕ್ ಸಾಗರದ ಮೇಲೆ, ಉತ್ತರ ಧ್ರುವದ ಪಕ್ಕದಲ್ಲೇ ಹಾದು ಕೆನಡಾದೊಳಗೆ ಇಳಿದು ನಿಂತಿತು. ಬೆರಳು ತೆಗೆದು ಮತ್ತೆ ಎಳೆದಳು. ಮತ್ತೆ ಅಲ್ಲಿಗೇ ಹೋಯಿತು. 40ರ ಗೆರೆಯ ಮೇಲೇ ಹೋದರೆ ಸುಮಾರು 14,400 ಕಿ.ಮೀ.; ದಾರ ತೋರಿಸಿದ ದಾರಿಯಲ್ಲಿ ಸುಮಾರು 11,000. ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉಳಿತಾಯ!

ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ರಚಿಸಿದ ನಕಾಶೆಯ ಪದ್ಧತಿ ಹಡಗಿನವರಿಗೆ ಅನುಕೂಲವಾಗಲೆಂದು ಹುಟ್ಟಿದ್ದು. ಅದರ ಮೇಲೆ ಎಳೆದ ನೇರ ಗೆರೆಯನ್ನು ಹಿಡಿದು ಹೊರಟರೆ ದಿಕ್ಸೂಚಿಯ ಕೋನ ಬದಲಿಸದೆ ಗುರಿ ಮುಟ್ಟಬಹುದು. ಆ ಕಾಲದ ನಾವಿಕರಿಗೆ ಅದು ವರವೇ ಸರಿ. ಆದರೆ ದೂರ ಅಳೆಯಲು ಅದು ಮಾಡಿದ್ದಲ್ಲ. ಧ್ರುವದ ಕಡೆಗೆ ಹೋದಂತೆಲ್ಲ ಅದು ಭೂಮಿಯನ್ನು ಹಿಗ್ಗಿಸುತ್ತದೆ. ಲಂಡನ್ನಿನಿಂದ ಲಾಸ್ ಏಂಜಲಿಸ್‌ಗೆ ಹೋಗುವ ವಿಮಾನ ಗ್ರೀನ್‌ಲ್ಯಾಂಡ್ ಕಡೆಗೆ ಏರಿದ್ದನ್ನು ಸೀಟಿನ ಮುಂದಿನ ಪರದೆಯಲ್ಲಿ ನೋಡಿ ‘ಇದೇಕೆ ಸುತ್ತುಬಳಸಿ ಹೋಗುತ್ತಿದೆ’ ಎಂದು ಗಗನಸಖಿಯರನ್ನು ಕೇಳುವ ಪ್ರಯಾಣಿಕರು ಇದ್ದೇ ಇರುತ್ತಾರೆ. ಪತ್ರಿಕೆಗಳು ದೂರದ ಅಂಕಿಯ ಪಕ್ಕದಲ್ಲಿ ಆ ಬಾಗಿದ ದಾರಿಯ ಒಂದು ಸಣ್ಣ ಚಿತ್ರ ಹಾಕಿದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಇಷ್ಟಾದರೂ ವಿಮಾನ ಆ ದಾರದ ದಾರಿಯಲ್ಲೇ ಹಾರುತ್ತದೆಯೇ ಎಂದರೆ, ಹಾರುವುದಿಲ್ಲ. ಯಾವ ದೇಶದ ಆಕಾಶ ತೆರೆದಿದೆ, ಯಾವುದು ಮುಚ್ಚಿದೆ, ಎಲ್ಲಿ ಮಿಲಿಟರಿಯವರ ತಾಲೀಮು ನಡೆದಿದೆ, ಎಲ್ಲಿ ಜ್ವಾಲಾಮುಖಿಯ ಬೂದಿ ಹರಡಿದೆ, ಇವೆಲ್ಲ ನೋಟಾಮ್ ಎಂಬ ಸೂಚನೆಗಳಾಗಿ ನಮ್ಮ ಮೇಜಿಗೆ ಬರುತ್ತವೆ. ಎರಡು ಎಂಜಿನ್ನಿನ ವಿಮಾನವಾದರೆ, ಒಂದು ಎಂಜಿನ್ ಕೆಟ್ಟರೂ ನಿಗದಿತ ಅವಧಿಯೊಳಗೆ ಯಾವುದಾದರೂ ನಿಲ್ದಾಣ ತಲುಪುವಂತೆ ದಾರಿ ಹಾಕಬೇಕು. ಈ ಅವಧಿ ಹಿಂದೆ 60 ನಿಮಿಷ ಇತ್ತು. 1985ರಲ್ಲಿ 120 ನಿಮಿಷಕ್ಕೆ, 1988ರಲ್ಲಿ 180 ನಿಮಿಷಕ್ಕೆ ಏರಿತು. ಅದಕ್ಕೂ ಮೀರಿದ ಅನುಮತಿ ಪಡೆದ ವಿಮಾನಗಳೂ ಈಗ ಇವೆ. ಸಿಡ್ನಿಯಿಂದ ಚಿಲಿಯ ಸಾಂಟಿಯಾಗೊಗೆ ಅತಿ ಹತ್ತಿರದ ದಾರಿ ಅಂಟಾರ್ಕ್‌ಟಿಕದ ಕಡೆಗೆ ಬಾಗುತ್ತದೆ. ಆ ಕಡಲಿನ ಮೇಲೆ ತುರ್ತಾಗಿ ಇಳಿಯಲು ಜಾಗ ಎಲ್ಲಿದೆ? ಹೀಗಾಗಿ ದಾರದ ದಾರಿಯನ್ನು ಬಿಟ್ಟು ಸ್ವಲ್ಪ ಉತ್ತರಕ್ಕೆ ಸರಿಯಬೇಕಾಗಬಹುದು. ಟಿಬೆಟ್ ಪ್ರಸ್ಥಭೂಮಿಯ ತೊಂದರೆಯೇ ಬೇರೆ. ಕ್ಯಾಬಿನ್ನಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ವಿಮಾನವನ್ನು ಬೇಗನೆ ಸುಮಾರು 3,000 ಮೀಟರ್ ಎತ್ತರಕ್ಕೆ ತರಬೇಕು, ಯಾಕೆಂದರೆ ಪ್ರಯಾಣಿಕರ ಮುಖವಾಡದ ಆಮ್ಲಜನಕ ಸಾಮಾನ್ಯವಾಗಿ ಕೆಲವೇ ನಿಮಿಷಗಳಿಗೆ ಸಾಕಾಗುವಷ್ಟು ಇರುತ್ತದೆ. ಟಿಬೆಟ್ಟಿನಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಇಳಿಸುವುದೆಲ್ಲಿ? ಅದಕ್ಕೇ ಬಹಳಷ್ಟು ವಿಮಾನಗಳು ಅದನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತವೆ.

ಧ್ರುವದ ಮೇಲಿನ ದಾರಿಯಲ್ಲಿ ನಾವು ಇಂಧನದ ಉಷ್ಣತೆಯನ್ನೂ ನೋಡಬೇಕು. ಜೆಟ್ ಎ ಎಂಬ ಇಂಧನದ ಹೆಪ್ಪುಗಟ್ಟುವ ಮಿತಿ ಮೈನಸ್ 40 ಡಿಗ್ರಿ, ಜೆಟ್ ಎ-1ರದ್ದು ಮೈನಸ್ 47. ಹೊರಗಿನ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಟ್ಯಾಂಕಿನ ಇಂಧನ ಆ ಮಿತಿಯ ಹತ್ತಿರ ಬರುತ್ತಿದೆ ಎನಿಸಿದರೆ ಸ್ವಲ್ಪ ಬೆಚ್ಚಗಿರುವ ಎತ್ತರಕ್ಕೆ ಇಳಿಯಬೇಕು ಅಥವಾ ವೇಗ ಹೆಚ್ಚಿಸಬೇಕು. ಇದರಿಂದಲೂ ಹೊತ್ತು ಬದಲಾಗುತ್ತದೆ.

ಆಕಾಶ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಹೆಲ್ಸಿಂಕಿ–ಟೋಕಿಯೊ ನೋಡಿ. ಎರಡರ ನಡುವಿನ ಹತ್ತಿರದ ದೂರ ಸುಮಾರು 7,800 ಕಿ.ಮೀ. ರಷ್ಯಾದ ಮೇಲೆ ಹಾರುತ್ತಿದ್ದಾಗ ಒಂಬತ್ತೂವರೆ ಗಂಟೆಯ ಆಸುಪಾಸು ಸಾಕಾಗುತ್ತಿತ್ತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ದಾಳಿಯಾದ ನಂತರ ಆ ಆಕಾಶ ಫಿನ್‌ಲ್ಯಾಂಡಿನ ಫಿನ್‌ಏರ್ ಸಂಸ್ಥೆಯ ವಿಮಾನಗಳಿಗೆ ಮುಚ್ಚಿತು. ಆಮೇಲೆ ಅವು ಉತ್ತರ ಧ್ರುವದ ಮೇಲೆ ಏರಿ, ಅಲಾಸ್ಕಾದ ಬದಿಯಿಂದ ಪೆಸಿಫಿಕ್‌ಗೆ ಇಳಿದು ಟೋಕಿಯೊ ಸೇರತೊಡಗಿದವು. ಸುಮಾರು 13 ಗಂಟೆ. ಅದೇ ಸಂಸ್ಥೆ 1983ರಲ್ಲಿ ಟೋಕಿಯೊಗೆ ನೇರ ಹಾರಾಟ ಶುರುಮಾಡಿದಾಗಲೂ, ಆಗಿನ ಸೋವಿಯತ್ ಆಕಾಶ ಸಿಗದೆ, ಧ್ರುವದ ಮೇಲಿಂದಲೇ ಹೋಗುತ್ತಿತ್ತು. ನಲವತ್ತು ವರ್ಷದ ನಂತರ ಅದೇ ದಾರಿಗೆ ಮರಳಬೇಕಾಯಿತು. ಎರಡು ನಗರಗಳ ನಡುವಿನ ದೂರ ಒಂದು ಅಂಗುಲವೂ ಹೆಚ್ಚಲಿಲ್ಲ. ಆದರೂ ಅಂತರ್ಜಾಲದಲ್ಲಿ ದೂರವನ್ನು ವೇಗದಿಂದ ಭಾಗಿಸಿ ಹೊತ್ತು ಹೇಳುವ ಪುಟಗಳಿಗೆ ಇದೊಂದೂ ತಟ್ಟುವುದಿಲ್ಲ. ಅವುಗಳಲ್ಲಿ ಬಹಳಷ್ಟು ಗಂಟೆಗೆ ಸುಮಾರು 800 ಕಿ.ಮೀ. ವೇಗ ಎಂದು ಇಟ್ಟುಕೊಂಡು, ಏರಿಳಿಯಲು ಅರ್ಧ ಗಂಟೆ ಸೇರಿಸಿ ಉತ್ತರ ಕೊಡುತ್ತವೆ. ನಿಮ್ಮ ಚೌಕಟ್ಟಿನ 7 ಗಂಟೆ 25 ನಿಮಿಷವೂ ಹೀಗೇ ಬಂದಿರಬೇಕು ಎಂದು ನನ್ನ ಊಹೆ. 5,570ನ್ನು 800ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸಿದರೆ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ.

ಇನ್ನು ಗಾಳಿ. ನನ್ನ ಪತ್ರದ ತಿರುಳು ಇದೇ.

ನಾವು ತಯಾರಿಸುವ ಫ್ಲೈಟ್ ಪ್ಲಾನಿನಲ್ಲಿ ಎರಡು ದೂರಗಳು ಇರುತ್ತವೆ. ಒಂದು ಗ್ರೌಂಡ್ ಡಿಸ್ಟೆನ್ಸ್, ಅಂದರೆ ನೆಲದ ಮೇಲೆ ಅಳೆದ ದಾರಿ. ಇನ್ನೊಂದು ಏರ್ ಡಿಸ್ಟೆನ್ಸ್, ಅಂದರೆ ವಿಮಾನ ಗಾಳಿಯೊಳಗೆ ಕ್ರಮಿಸುವ ದಾರಿ. ಇಂಧನ ಖರ್ಚಾಗುವುದು, ಹೊತ್ತು ಹೋಗುವುದು ಎರಡನೆಯದರ ಲೆಕ್ಕದಲ್ಲಿ. ಹೊಳೆಯಲ್ಲಿ ದೋಣಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹುಟ್ಟು ಹಾಕುವ ರಟ್ಟೆ ಒಂದೇ ಆದರೂ ಸೆಳವಿನ ಜೊತೆಗೆ ಹೋಗುವುದಕ್ಕೂ ಎದುರಾಗಿ ಬರುವುದಕ್ಕೂ ಹಿಡಿಯುವ ಹೊತ್ತು ಬೇರೆ. ಆಕಾಶದಲ್ಲಿ, ಸುಮಾರು 10–12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಅಂಥ ಸೆಳವುಗಳು ಇವೆ. ಜೆಟ್ ಸ್ಟ್ರೀಮ್ ಎನ್ನುವುದು ಇದನ್ನೇ. ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು ಇದನ್ನು ಅಳೆದಿದ್ದರು. ಹೊರದೇಶದವರೂ ಓದಲಿ ಎಂದು ತಮ್ಮ ವರದಿಯನ್ನು 1926ರಲ್ಲಿ, ಎಲ್ಲ ದೇಶದವರೂ ಬಳಸಲೆಂದು ರೂಪಿಸಿದ ಎಸ್ಪೆರಾಂಟೊ ಭಾಷೆಯಲ್ಲಿ ಅಚ್ಚುಹಾಕಿಸಿದರು. ಓದಿದವರು ತೀರ ಕಡಿಮೆ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಈ ಗಾಳಿಗೆ ಸಿಕ್ಕಿ ತತ್ತರಿಸಿದವು. ಓದಬೇಕಾದವರು ಓಯಿಶಿಯವರ ವರದಿಯನ್ನು ಓದಿದ್ದರೆ ಎಂದು ನನಗೆ ಈಗಲೂ ಅನಿಸುತ್ತದೆ.

ಲೆಕ್ಕ ಮಾಡಿ ನೋಡೋಣ. ದೂರ 5,550 ಕಿ.ಮೀ. ಇರಲಿ, ವಿಮಾನದ ವೇಗ ಗಾಳಿಯೊಳಗೆ ಗಂಟೆಗೆ 900 ಇರಲಿ. ಗಾಳಿಯೇ ಇಲ್ಲದಿದ್ದರೆ 6 ಗಂಟೆ 10 ನಿಮಿಷ. ಈಗ ಗಂಟೆಗೆ 150 ಕಿ.ಮೀ. ವೇಗದ ಗಾಳಿ ಬೆನ್ನಿಗಿದೆ ಎನ್ನಿ: ನೆಲದ ಮೇಲಿನ ವೇಗ 1,050, ಹೊತ್ತು 5 ಗಂಟೆ 17 ನಿಮಿಷ. ಅದೇ ಗಾಳಿ ಎದುರಿಗಿದ್ದರೆ ವೇಗ 750, ಹೊತ್ತು 7 ಗಂಟೆ 24 ನಿಮಿಷ. ಹೋಗಿ ಬರುವಾಗ ಎರಡು ಗಂಟೆಗೂ ಮಿಕ್ಕಿದ ವ್ಯತ್ಯಾಸ. ಇನ್ನೂ ಒಂದು ಸಂಗತಿ ಇದೆ. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಗಳಿಸಿದೆವು, ಸರಿಸಮ ಆಯಿತು ಎಂದುಕೊಳ್ಳುತ್ತಾರೆ. ಆಗುವುದಿಲ್ಲ. ಗಾಳಿ ಇಲ್ಲದ ದಿನ ಹೋಗಿ ಬರಲು 12 ಗಂಟೆ 20 ನಿಮಿಷ. ಗಾಳಿ ಇರುವ ದಿನ 12 ಗಂಟೆ 41 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ಅದರಿಂದಾಗುವ ನಷ್ಟ ಬೆನ್ನಗಾಳಿಯ ಲಾಭಕ್ಕಿಂತ ದೊಡ್ಡದು. ಇದೇ ಲೆಕ್ಕದಲ್ಲಿ ಪೂರ್ವಕ್ಕೆ ಹೋಗುವ ವಿಮಾನದ ಏರ್ ಡಿಸ್ಟೆನ್ಸ್ ಸುಮಾರು 4,760 ಕಿ.ಮೀ., ಪಶ್ಚಿಮಕ್ಕೆ ಹೋಗುವುದರದ್ದು 6,660. ನಕಾಶೆಯಲ್ಲಿ ಒಂದೇ ದೂರ, ಆಕಾಶದಲ್ಲಿ ಎರಡು ಸಾವಿರ ಕಿಲೋಮೀಟರಿನ ಹತ್ತಿರ ವ್ಯತ್ಯಾಸ. ಶಾಲೆಯ ಪಠ್ಯದಲ್ಲಿ ‘ವಿಮಾನವು ಇಷ್ಟು ವೇಗದಲ್ಲಿ ಹೊರಟರೆ’ ಎಂದು ಶುರುವಾಗುವ ಲೆಕ್ಕಗಳಿಗೆ ಗಾಳಿಯನ್ನೂ ಸೇರಿಸಿದರೆ ಮಕ್ಕಳು ಎಷ್ಟು ಕುತೂಹಲದಿಂದ ಬಿಡಿಸುತ್ತಾರೆ ಎಂಬುದನ್ನು ನಾನು ಮನೆಯಲ್ಲೇ ಕಂಡಿದ್ದೇನೆ.

ಕಾಗದದ ಲೆಕ್ಕ ಬಿಟ್ಟು ನಡೆದದ್ದನ್ನೇ ನೋಡಿ. 1958ರ ಅಕ್ಟೋಬರ್ 4ರಂದು ಬ್ರಿಟನ್ನಿನ ಬಿಒಎಸಿ ಸಂಸ್ಥೆ ಕಾಮೆಟ್ 4 ವಿಮಾನಗಳಲ್ಲಿ ಲಂಡನ್–ನ್ಯೂಯಾರ್ಕ್ ನಡುವೆ ಜೆಟ್ ಸೇವೆ ಶುರುಮಾಡಿತು. ಅಟ್ಲಾಂಟಿಕ್ ದಾಟಿದ ಮೊದಲ ಜೆಟ್ ಪ್ರಯಾಣಿಕ ಸೇವೆ ಅದು. ಒಂದೇ ದಿನ ಎರಡು ಕಡೆಯಿಂದಲೂ ಒಂದೊಂದು ವಿಮಾನ ಹೊರಟವು. ನ್ಯೂಯಾರ್ಕಿನಿಂದ ಹೊರಟದ್ದು ಎಲ್ಲೂ ನಿಲ್ಲದೆ ಸುಮಾರು ಆರು ಗಂಟೆಯಲ್ಲಿ ಲಂಡನ್ ತಲುಪಿತು. ಲಂಡನ್ನಿನಿಂದ ಹೊರಟದ್ದು ಇಂಧನ ಸಾಲದೆ ಕೆನಡಾದ ಗ್ಯಾಂಡರ್‌ನಲ್ಲಿ ಇಳಿದು, ತುಂಬಿಸಿಕೊಂಡು, ಹತ್ತು ಗಂಟೆಗೂ ಮಿಕ್ಕಿ ಹಿಡಿಯಿತು. ಅಂದಿನ ಪತ್ರಿಕೆಯೊಂದು ಈ ಎರಡನ್ನೂ ಕೂಡಿಸಿ ಸರಾಸರಿ ಹಾಕಿ ‘ಎಂಟು ಗಂಟೆ’ ಎಂದು ಬರೆದಿದ್ದರೆ, ಯಾವ ಪ್ರಯಾಣಿಕನಿಗೆ ಅದು ನಿಜವಾಗುತ್ತಿತ್ತು?

ಇತ್ತೀಚಿನದು ಬೇಕೆಂದರೆ 2020ರ ಫೆಬ್ರವರಿ. ಯುರೋಪಿಗೆ ಸಿಯಾರಾ ಚಂಡಮಾರುತ ಅಪ್ಪಳಿಸಿದ ದಿನಗಳಲ್ಲಿ ಅಟ್ಲಾಂಟಿಕ್ ಮೇಲಿನ ಜೆಟ್ ಸ್ಟ್ರೀಮ್ ಎಷ್ಟು ಬಲವಾಗಿತ್ತೆಂದರೆ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲಕ್ಕೆ ಹೋಲಿಸಿದ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗವನ್ನೇ ಮೀರಿತು ಎಂದು ಹಲವರು ಬರೆದರು, ಅದು ಸರಿಯಲ್ಲ. ಗಾಳಿಯೊಳಗೆ ಅದರ ವೇಗ ಎಂದಿನಂತೆಯೇ ಇತ್ತು, ಉಳಿದದ್ದು ಗಾಳಿಯ ಕೊಡುಗೆ. ಶಬ್ದದ ವೇಗ ನಿಜವಾಗಿ ಮೀರಿ ಹಾರುತ್ತಿದ್ದದ್ದು ಕಾನ್‌ಕಾರ್ಡ್. 1996ರ ಫೆಬ್ರವರಿ 7ರಂದು ಅದು ಇದೇ ದಾರಿಯನ್ನು 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಕ್ರಮಿಸಿತ್ತು. 2003ರಲ್ಲಿ ಅದು ನಿಂತ ಮೇಲೆ ಅಷ್ಟು ಬೇಗ ಹೋಗುವ ಪ್ರಯಾಣಿಕ ವಿಮಾನ ಇಲ್ಲ.

ದೂರ ಹೆಚ್ಚಿದರೂ ಹೊತ್ತು ಕಡಿಮೆಯಾಗಬಹುದೇ? ಆಗಬಹುದು, ಆಗಿದೆ. ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ನಡುವೆ ದಾರ ಎಳೆದರೆ ಸುಮಾರು 12,400 ಕಿ.ಮೀ., ಅದೂ ಧ್ರುವದ ಹತ್ತಿರದಿಂದ. ಏರ್ ಇಂಡಿಯಾ ಅಟ್ಲಾಂಟಿಕ್ ಮೇಲಿಂದ ಪಶ್ಚಿಮಕ್ಕೆ, ಎದುರುಗಾಳಿಯಲ್ಲಿ, 13,900 ಕಿ.ಮೀ.ಯಷ್ಟು ಹಾರುತ್ತಿತ್ತು. 2016ರ ಅಕ್ಟೋಬರಿನಲ್ಲಿ ದಾರಿಯನ್ನು ತಿರುಗಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹಾರಿಸಿದರು. ದೂರ ಸುಮಾರು 15,300 ಕಿ.ಮೀ. ಆಯಿತು, ಹೊತ್ತು ಹದಿನಾಲ್ಕೂವರೆ ಗಂಟೆಗೆ, ಅಂದರೆ ಸುಮಾರು ಎರಡು ಗಂಟೆಯಷ್ಟು ಇಳಿಯಿತು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹೆಚ್ಚಿಗೆ ಹಾರಿ ಎರಡು ಗಂಟೆ ಮೊದಲು ತಲುಪಿದರು! ನಮ್ಮ ಕಸುಬಿನವರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರೆ ಇರಲಿಲ್ಲ. ದೂರವನ್ನು ವೇಗದಿಂದ ಭಾಗಿಸುವ ಯಾವ ಪುಟವೂ ಈ ದಾರಿಯನ್ನು ಹೇಳುತ್ತಿರಲಿಲ್ಲ.

ಗಾಳಿ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಚಳಿಗಾಲದಲ್ಲಿ ಧ್ರುವಕ್ಕೂ ಸಮಭಾಜಕಕ್ಕೂ ನಡುವಿನ ಉಷ್ಣತೆಯ ಅಂತರ ಹೆಚ್ಚುವುದರಿಂದ ಜೆಟ್ ಸ್ಟ್ರೀಮ್ ಬಲಗೊಳ್ಳುತ್ತದೆ, ದಕ್ಷಿಣಕ್ಕೂ ಸರಿಯುತ್ತದೆ. ವಿಮಾನ ಸಂಸ್ಥೆಗಳು ವೇಳಾಪಟ್ಟಿಯನ್ನು ವರ್ಷಕ್ಕೆರಡು ಸಲ, ಮಾರ್ಚಿನ ಕೊನೆಯ ಭಾನುವಾರ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ, ಬದಲಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಉತ್ತರ ಅಟ್ಲಾಂಟಿಕ್ ಮೇಲಂತೂ ಆಯಾ ದಿನದ ಗಾಳಿ ನೋಡಿಯೇ ದಾರಿಗಳನ್ನು ಹಾಕುತ್ತಾರೆ. ಹಗಲು ಪಶ್ಚಿಮಕ್ಕೆ ಹೋಗುವವರಿಗೆ ಆ ಕಡಲಿನ ಪೂರ್ವ ಭಾಗದ ವಿಮಾನ ಸಂಚಾರ ನಿಯಂತ್ರಿಸುವ ಶ್ಯಾನ್‌ವಿಕ್ ಕೇಂದ್ರದವರು, ರಾತ್ರಿ ಪೂರ್ವಕ್ಕೆ ಬರುವವರಿಗೆ ಪಶ್ಚಿಮ ಭಾಗ ನೋಡಿಕೊಳ್ಳುವ ಗ್ಯಾಂಡರ್ ಕೇಂದ್ರದವರು. ಪೂರ್ವದ ದಾರಿಗಳು ಸೆಳವಿನೊಳಗೆ ಕೂರುತ್ತವೆ, ಪಶ್ಚಿಮದವು ಅದನ್ನು ತಪ್ಪಿಸಿ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತವೆ. ನಿನ್ನೆಯ ದಾರಿ ಇಂದು ಇರಬೇಕೆಂದೇನೂ ಇಲ್ಲ.

ಭೂಮಿ ಪೂರ್ವಕ್ಕೆ ತಿರುಗುತ್ತಿರುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಊರು ತಾನಾಗಿ ಎದುರು ಬರಬೇಕಲ್ಲ ಎಂದು ಕೇಳುವವರಿದ್ದಾರೆ. ಸಮಭಾಜಕದ ಮೇಲೆ ಭೂಮಿ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ತಿರುಗುತ್ತದೆ, ಗಾಳಿಯೂ ಜೊತೆಗೇ ತಿರುಗುತ್ತದೆ, ಹೊರಡುವ ಮೊದಲು ವಿಮಾನವೂ ತಿರುಗುತ್ತಿರುತ್ತದೆ. ಹಾಗಾಗಿ ಆ ಲಾಭ ಸಿಗುವುದಿಲ್ಲ.

ಹೊತ್ತು ಎಂದರೆ ಎಲ್ಲಿಂದ ಎಲ್ಲಿಗೆ ಎಂಬುದನ್ನೂ ಹೇಳಬೇಕು. ಚಕ್ರ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗಿನದು ಒಂದು ಲೆಕ್ಕ. ನಿಂತ ಜಾಗದಿಂದ ವಿಮಾನ ಕದಲಿದಾಗಿನಿಂದ ಇನ್ನೊಂದು ಊರಿನಲ್ಲಿ ಬಂದು ನಿಲ್ಲುವವರೆಗಿನದು ಇನ್ನೊಂದು. ಇದನ್ನು ಬ್ಲಾಕ್ ಟೈಮ್ ಎನ್ನುತ್ತೇವೆ. ಟಿಕೆಟಿನ ಮೇಲೆ ಇರುವುದು ಈ ಎರಡನೆಯದು. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ನಿಲ್ದಾಣದಲ್ಲಿ 2003ರಲ್ಲಿ ತೆರೆದ ಪೋಲ್ಡರ್‌ಬಾನ್ ಎಂಬ ರನ್‌ವೇ ಟರ್ಮಿನಲ್‌ನಿಂದ ಎಷ್ಟು ದೂರ ಇದೆಯೆಂದರೆ ಇಳಿದ ಮೇಲೂ ಕಾಲು ಗಂಟೆಯಷ್ಟು ನೆಲದ ಮೇಲೆ ಸಾಗಬೇಕಾಗುತ್ತದೆ. ದಟ್ಟಣೆಯ ನಿಲ್ದಾಣಗಳಲ್ಲಿ ಇಳಿಯುವ ಸರದಿಗೆ ಸುತ್ತು ಹಾಕಬೇಕಾಗುವುದೂ ಉಂಟು. ಅದಲ್ಲದೆ, ನಿಗದಿತ ವೇಳೆ ಮೀರಿ 15 ನಿಮಿಷದೊಳಗೆ ಬಂದರೂ ‘ಸಮಯಕ್ಕೆ ಸರಿಯಾಗಿ’ ಎಂದು ಎಣಿಸುವ ರೂಢಿ ಇರುವುದರಿಂದ ಸಂಸ್ಥೆಗಳು ವೇಳಾಪಟ್ಟಿಯಲ್ಲೇ ಸ್ವಲ್ಪ ಹೊತ್ತನ್ನು ಕೂಡಿಸಿ ಇಟ್ಟಿರುತ್ತವೆ. ಜೆಟ್ ವಿಮಾನಗಳ ವೇಗ 1960ರ ದಶಕದಿಂದೀಚೆಗೆ ಹೆಚ್ಚಿಲ್ಲ; ಟಿಕೆಟಿನ ಮೇಲಿನ ಹೊತ್ತು ಮಾತ್ರ ಅನೇಕ ದಾರಿಗಳಲ್ಲಿ ಬೆಳೆದಿದೆ.

ಇದೆಲ್ಲ ಬರೀ ಅಂಕಿಗಳ ಜಗಳ ಎಂದು ತಾವು ಭಾವಿಸಬಾರದೆಂದು ಒಂದು ಸಂಗತಿ ಹೇಳುತ್ತೇನೆ. ನಮ್ಮ ಅತ್ತಿಗೆಗೆ ಮಧುಮೇಹ, ವಯಸ್ಸಾಗಿದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅವರು ಒಬ್ಬರೇ ಪಶ್ಚಿಮಕ್ಕೆ ದೂರದ ಪ್ರಯಾಣ ಹೊರಟಾಗ ಮನೆಯವರು ಊಟ, ಚುಚ್ಚುಮದ್ದಿನ ವೇಳೆಯನ್ನೆಲ್ಲ ಅಂತರ್ಜಾಲದ ಯಾವುದೋ ಪುಟದಲ್ಲಿ ಕಂಡ ಹಾರಾಟದ ಹೊತ್ತಿನ ಮೇಲೆ ಹಾಕಿಕೊಟ್ಟಿದ್ದರು. ಮುಂದಿನ ವಿಮಾನದ ಟಿಕೆಟನ್ನು ಬೇರೆಯಾಗಿ ಕೊಂಡು, ನಡುವೆ ಅದೇ ಲೆಕ್ಕದಲ್ಲಿ ಒಂದೂವರೆ ಗಂಟೆ ಬಿಟ್ಟಿದ್ದರು. ಆ ಪುಟ ಹೇಳಿದ್ದು ಗಾಳಿಯಿಲ್ಲದ, ಸುತ್ತಿಲ್ಲದ ಹೊತ್ತು. ಮೊದಲ ವಿಮಾನ ತನ್ನ ವೇಳಾಪಟ್ಟಿಯ ಪ್ರಕಾರವೇ ಬಂದಿಳಿಯಿತು, ಅದರ ತಪ್ಪು ಏನೂ ಇಲ್ಲ. ಅತ್ತಿಗೆ ಇಳಿದು ಬರುವಷ್ಟರಲ್ಲಿ ಮುಂದಿನ ವಿಮಾನದ ಬಾಗಿಲು ಮುಚ್ಚಿತ್ತು. ಪರಿಚಯವಿಲ್ಲದ ನಿಲ್ದಾಣದಲ್ಲಿ, ಊಟದ ಹೊತ್ತು ತಪ್ಪಿ, ಸಕ್ಕರೆ ಇಳಿದು ಬೆವರುತ್ತ ಕೂತಿದ್ದವರನ್ನು ಪಕ್ಕದ ಬೆಂಚಿನ ಯಾರೋ ಹೆಣ್ಣುಮಗಳು ನೋಡಿ ಹಣ್ಣಿನ ರಸ ತಂದುಕೊಟ್ಟಳಂತೆ. ಆ ಪುಣ್ಯಾತ್ಮಳಿಗೆ ನಾನು ಈ ಮೂಲಕವೇ ಕೈಮುಗಿಯುತ್ತೇನೆ.

ಹೊರಡುವ ಮತ್ತು ತಲುಪುವ ವೇಳೆಗಳನ್ನು ಕಳೆದು ಹೊತ್ತು ಹಿಡಿಯುವವರೂ ಎಡವುತ್ತಾರೆ. ಟಿಕೆಟಿನ ಮೇಲಿನ ಎರಡು ವೇಳೆಗಳೂ ಆಯಾ ಊರಿನವು. ಟೋಕಿಯೊದಲ್ಲಿ ಸಂಜೆ ಹೊರಟವರು ದಿನಾಂಕ ರೇಖೆ ದಾಟಿ ಅದೇ ದಿನ ಬೆಳಿಗ್ಗೆ ಲಾಸ್ ಏಂಜಲಿಸ್‌ನಲ್ಲಿ ಇಳಿಯುತ್ತಾರೆ. ಹಾರಿದ್ದು ಸುಮಾರು ಹತ್ತು ಗಂಟೆ. ಮರಳುವಾಗ ಹನ್ನೊಂದೂವರೆ, ಹನ್ನೆರಡು ಗಂಟೆ ಹಾರಿ ಮರುದಿನ ತಲುಪುತ್ತಾರೆ. ಗಡಿಯಾರ ನೋಡಿ ಕಳೆದರೆ ಎರಡೂ ತಪ್ಪೇ.

ಪತ್ರಿಕೆಯಲ್ಲಿ ಜಾಗ ಕಡಿಮೆ ಎಂಬುದು ನನಗೆ ಗೊತ್ತು. ಆದರೂ ಅಂಕಿಗಳನ್ನು ವಿಮಾನ ಸಂಸ್ಥೆಗಳ ಈಗಿನ ವೇಳಾಪಟ್ಟಿಯಿಂದಲೇ ತೆಗೆದುಕೊಳ್ಳಲು ಹೆಚ್ಚು ಜಾಗವೇನೂ ಬೇಡ. ಆಕಾಶ ಮುಚ್ಚಿ ದಾರಿ ಬದಲಾದಾಗ ಹಳೆಯ ಚೌಕಟ್ಟನ್ನು ಮತ್ತೆ ಅಚ್ಚುಹಾಕದಿದ್ದರೆ ಅದೇ ದೊಡ್ಡ ಉಪಕಾರ. ಲಂಡನ್–ನ್ಯೂಯಾರ್ಕ್ ಚೌಕಟ್ಟನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ. ಬೇಕಿದ್ದರೆ ಹಾಗೇ ಬಳಸಿಕೊಳ್ಳಿ: ‘ನಿಲ್ದಾಣದಿಂದ ನಿಲ್ದಾಣಕ್ಕೆ ಹತ್ತಿರದ ದೂರ ಸುಮಾರು 5,540 ಕಿ.ಮೀ.; ಹಾರುವ ದಾರಿ ಇದಕ್ಕಿಂತ ಹೆಚ್ಚು, ದಿನದಿನಕ್ಕೆ ಬೇರೆ. ವೇಳಾಪಟ್ಟಿಯ ಪ್ರಕಾರ ಲಂಡನ್ನಿನಿಂದ ನ್ಯೂಯಾರ್ಕಿಗೆ ಸುಮಾರು 8 ಗಂಟೆ, ನ್ಯೂಯಾರ್ಕಿನಿಂದ ಲಂಡನ್ನಿಗೆ ಸುಮಾರು 7 ಗಂಟೆ. ಚಳಿಗಾಲದಲ್ಲಿ ಈ ಅಂತರ ಹೆಚ್ಚಬಹುದು. ಮುಂದಿನ ವಿಮಾನ ಹಿಡಿಯುವವರು ಟಿಕೆಟಿನ ಮೇಲಿನ ವೇಳೆಯನ್ನೇ ನೋಡಿ.’

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಫ್ಲೈಟ್ ಡಿಸ್ಪ್ಯಾಚರ್, ತಮ್ಮ ಪತ್ರಿಕೆಯ ಓದುಗಿ